ವಿದ್ಯುತ್ತಿನ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು: ಜಾರ್ಜ್ ಸೈಮನ್ ಓಮ್

ಮಕ್ಕಳೇ, ಮನೆಯಲ್ಲಿರುವ ಇಸ್ತ್ರಿ ಪೆಟ್ಟಿಗೆಯ ತಳದಲ್ಲೋ ಹಿಂಬದಿಯಲ್ಲೋ ಅಂಟಿಸಿರುವ ಚಿಕ್ಕ ಪಟ್ಟಿಯನ್ನು ಎಂದಾದರೂ ಓದಿದ್ದೀರಾ? ಅದರಲ್ಲಿ 230 ವೋಲ್ಟ್, 1000 ವ್ಯಾಟ್ ಎಂಬಂಥ ಬರಹ ಇರುತ್ತದೆ. ರೇಡಿಯೊ ರಿಪೇರಿ ಮಾಡುವವರ ಅಂಗಡಿಗೆ ಹೋದರೆ ಆಂಪೇರ್, ಓಮ್ ಎಂಬ ಪದಗಳೂ ಕಿವಿಗೆ ಬೀಳುತ್ತವೆ. ವೋಲ್ಟ್, ಆಂಪೇರ್, ವ್ಯಾಟ್, ಓಮ್ - ಈ ನಾಲ್ಕೂ ನಾಲ್ವರು ವ್ಯಕ್ತಿಗಳ ನೆನಪಿಗಾಗಿ ಇಟ್ಟ ಹೆಸರುಗಳು. ವೋಲ್ಟಾ ಇಟಲಿಯವನು, ಆಂಪೇರ್ ಫ್ರಾನ್ಸಿನವನು, ವಾಟ್ ಸ್ಕಾಟ್ಲೆಂಡಿನವನು. ನಾಲ್ಕನೆಯವನಾದ ಓಮ್ ಜರ್ಮನಿಯ ಒಬ್ಬ ಶಾಲಾ ಮೇಷ್ಟ್ರು.

ಇಂದು ವಿದ್ಯುತ್ತಿನ ಲೆಕ್ಕ ಮಾಡುವವರೆಲ್ಲ ಮೊದಲು ಕಲಿಯುವುದು ಈ ಮೇಷ್ಟ್ರು ಕಂಡುಹಿಡಿದ ನಿಯಮವನ್ನು. ಅದು ಭಾಗಾಕಾರ ಬಲ್ಲ ಯಾರಿಗೂ ಅರ್ಥವಾಗುವಷ್ಟು ಸರಳ. ಆದರೆ ಅದನ್ನು ಕಂಡುಹಿಡಿಯುವುದು ಸರಳವಾಗಿರಲಿಲ್ಲ. ಕಂಡುಹಿಡಿದ ಮೇಲೆ ಜನರನ್ನು ಒಪ್ಪಿಸುವುದು ಇನ್ನೂ ಕಷ್ಟವಾಯಿತು.

ಬೀಗ ಮಾಡುವವರ ಮನೆಯಲ್ಲಿ

ಜಾರ್ಜ್ ಸೈಮನ್ ಓಮ್ ಹುಟ್ಟಿದ್ದು 1789ರ ಮಾರ್ಚ್ 16ರಂದು, ಎರ್ಲಾಂಗೆನ್ ಎಂಬ ಊರಿನಲ್ಲಿ. ಈ ಊರು ಈಗ ಜರ್ಮನಿಯ ಬವೇರಿಯ ರಾಜ್ಯದಲ್ಲಿದೆ. ತಂದೆ ಯೋಹಾನ್ ವುಲ್ಫ್‌ಗಾಂಗ್ ಓಮ್ ಬೀಗಗಳನ್ನು ಮಾಡುತ್ತಿದ್ದ ಕಸುಬುದಾರರು. ತಾಯಿ ಮರಿಯಾ ಎಲಿಜಬೆತ್ ದರ್ಜಿಯೊಬ್ಬರ ಮಗಳು. ಈ ದಂಪತಿಗೆ ಏಳು ಮಕ್ಕಳು. ಆದರೆ ದೊಡ್ಡವರಾಗಿ ಬೆಳೆದವರು ಮೂವರೇ: ಜಾರ್ಜ್, ತಮ್ಮ ಮಾರ್ಟಿನ್ ಮತ್ತು ಒಬ್ಬಳು ತಂಗಿ. ಜಾರ್ಜ್ ಹತ್ತು ವರ್ಷದವನಿದ್ದಾಗ ತಾಯಿಯೂ ತೀರಿಕೊಂಡರು.

ತಂದೆ ದೊಡ್ಡ ಶಾಲೆಗಳಲ್ಲಿ ಓದಿದವರಲ್ಲ. ಆದರೆ ಅವರಿಗೆ ಕಲಿಯುವ ಆಸೆ ಬಹಳ. ಪುಸ್ತಕಗಳನ್ನು ಓದಿ ತಾವೇ ಗಣಿತ, ಭೌತವಿಜ್ಞಾನ, ರಸಾಯನವಿಜ್ಞಾನಗಳನ್ನು ಕಲಿತಿದ್ದರು. ಕಲಿತದ್ದನ್ನೆಲ್ಲ ಇಬ್ಬರು ಗಂಡು ಮಕ್ಕಳಿಗೆ ಹೇಳಿಕೊಟ್ಟರು. ಆ ಊರಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಲಾಂಗ್ಸ್‌ಡಾರ್ಫ್ ಎಂಬವರು ಹುಡುಗ ಜಾರ್ಜನನ್ನು ಪರೀಕ್ಷಿಸಿ ಬೆರಗಾದರು. ಸ್ವಿಟ್ಜರ್ಲೆಂಡಿನಲ್ಲಿ ಬರ್ನೌಲಿ ಎಂಬ ಹೆಸರಾಂತ ಗಣಿತಜ್ಞರ ಮನೆತನವೊಂದಿತ್ತು. ಈ ಅಣ್ಣತಮ್ಮಂದಿರೂ ಅವರಂತೆ ಹೆಸರು ಮಾಡಬಲ್ಲರು ಎಂದು ಅವರಿಗೆ ಅನ್ನಿಸಿತು. ಅವರ ಮಾತು ಸುಳ್ಳಾಗಲಿಲ್ಲ. ತಮ್ಮ ಮಾರ್ಟಿನ್ ಮುಂದೆ ಗಣಿತದ ಪ್ರಾಧ್ಯಾಪಕನಾದ.

1805ರಲ್ಲಿ ಜಾರ್ಜ್ ವಿಶ್ವವಿದ್ಯಾಲಯಕ್ಕೆ ಸೇರಿದ. ಆದರೆ ಅಲ್ಲಿ ಅವನ ಗಮನ ಓದಿಗಿಂತ ಹೆಚ್ಚಾಗಿ ನೃತ್ಯ, ಬಿಲಿಯರ್ಡ್ಸ್ ಮತ್ತು ಮಂಜುಗಡ್ಡೆಯ ಮೇಲೆ ಜಾರುವ ಆಟದ ಕಡೆಗೆ ಹರಿಯಿತು. ಕಷ್ಟಪಟ್ಟು ಓದಿಸುತ್ತಿದ್ದ ತಂದೆಗೆ ಸಿಟ್ಟು ಬಂತು. ಒಂದೂವರೆ ವರ್ಷಕ್ಕೇ ಓದು ನಿಂತಿತು. ತಂದೆ ಅವನನ್ನು ಸ್ವಿಟ್ಜರ್ಲೆಂಡಿಗೆ ಕಳಿಸಿದರು. ಅಲ್ಲಿ 1806ರಲ್ಲಿ, ಇನ್ನೂ ಹದಿನೇಳು ವರ್ಷದವನಾಗಿದ್ದಾಗಲೇ, ಒಂದು ಶಾಲೆಯಲ್ಲಿ ಗಣಿತದ ಮೇಷ್ಟ್ರಾದ. ಬಿಡುವಿನಲ್ಲಿ ಆಯ್ಲರ್, ಲಾಪ್ಲಾಸ್ ಮುಂತಾದ ಮಹಾ ಗಣಿತಜ್ಞರ ಗ್ರಂಥಗಳನ್ನು ತಾನೇ ಓದಿಕೊಂಡ. 1811ರಲ್ಲಿ ಊರಿಗೆ ಮರಳಿ ಡಾಕ್ಟರೇಟ್ ಪದವಿ ಪಡೆದ.

ಪದವಿ ಬಂತು, ಒಳ್ಳೆಯ ಕೆಲಸ ಮಾತ್ರ ಬರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರೆ ಸಿಗುತ್ತಿದ್ದ ಹಣ ಜೀವನಕ್ಕೆ ಸಾಲುತ್ತಿರಲಿಲ್ಲ. 1813ರಲ್ಲಿ ಬಾಂಬರ್ಗ್ ಎಂಬ ಊರಿನ ಸಾಧಾರಣ ಶಾಲೆಯೊಂದಕ್ಕೆ ಸೇರಿದ. ಮೂರು ವರ್ಷಗಳಲ್ಲಿ ಆ ಶಾಲೆ ಮುಚ್ಚಿತು. ಓಮ್ ಎದೆಗುಂದಲಿಲ್ಲ. ರೇಖಾಗಣಿತವನ್ನು ಮಕ್ಕಳಿಗೆ ಹೇಗೆ ಕಲಿಸಬೇಕು ಎಂಬ ಬಗ್ಗೆ ಒಂದು ಪುಸ್ತಕ ಬರೆದು ಪ್ರಷ್ಯ ದೇಶದ ದೊರೆಗೆ ಕಳಿಸಿದ. ದೊರೆಗೆ ಅದು ಮೆಚ್ಚಿಗೆಯಾಯಿತು. 1817ರಲ್ಲಿ ಕಲೋನ್ ನಗರದ ಪ್ರೌಢಶಾಲೆಯೊಂದರಲ್ಲಿ ಗಣಿತ ಮತ್ತು ಭೌತವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ಆ ಶಾಲೆಯಲ್ಲಿ ಒಳ್ಳೆಯ ಪ್ರಯೋಗಶಾಲೆ ಇತ್ತು. ಓಮ್‌ನ ನಿಜವಾದ ಕೆಲಸ ಶುರುವಾದದ್ದು ಅಲ್ಲಿಯೇ.

ತಂತಿ ಉದ್ದವಾದರೆ ಏನಾಗುತ್ತದೆ?

ಆಗ ವಿದ್ಯುತ್ತು ಹೊಸ ವಿಷಯ. 1800ರಲ್ಲಿ ವೋಲ್ಟಾ ಮೊದಲ ಬ್ಯಾಟರಿಯನ್ನು ಮಾಡಿ ತೋರಿಸಿದ್ದ. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, ವಿದ್ಯುತ್ ಹರಿಯುವ ತಂತಿಯ ಬಳಿ ಇಟ್ಟ ಕಾಂತಸೂಜಿ ಪಕ್ಕಕ್ಕೆ ತಿರುಗುತ್ತದೆ ಎಂದು ಕಂಡುಹಿಡಿದ. ಓಮ್‌ಗೆ ಇದರಿಂದ ಒಂದು ಉಪಾಯ ಹೊಳೆಯಿತು. ಪ್ರವಾಹ ಹೆಚ್ಚಾದರೆ ಸೂಜಿ ಹೆಚ್ಚು ತಿರುಗುತ್ತದೆ, ಕಡಿಮೆಯಾದರೆ ಕಡಿಮೆ ತಿರುಗುತ್ತದೆ. ಹಾಗಾದರೆ ಸೂಜಿಯಿಂದಲೇ ಪ್ರವಾಹವನ್ನು ಅಳೆಯಬಹುದಲ್ಲವೇ? ಇಂದಿನಂತೆ ಅಂಗಡಿಯಲ್ಲಿ ಮೀಟರ್ ಕೊಳ್ಳುವ ಕಾಲ ಅದಲ್ಲ. ಅಳೆಯುವ ಸಾಧನವನ್ನೂ ತಾನೇ ಮಾಡಿಕೊಳ್ಳಬೇಕಿತ್ತು. ಬೀಗ ಮಾಡುವವರ ಮನೆಯಲ್ಲಿ ಬೆಳೆದವನಿಗೆ ಲೋಹದ ಕೆಲಸ ಹೊಸದಾಗಿರಲಿಲ್ಲ.

ಓಮ್ ಒಂದು ಕಾಂತಸೂಜಿಯನ್ನು ತೆಳುವಾದ ಚಿನ್ನದ ಪಟ್ಟಿಯಿಂದ ತಂತಿಯ ಮೇಲೆ ತೂಗುಬಿಟ್ಟ. ಪ್ರವಾಹ ಹರಿದಾಗ ಸೂಜಿ ಪಕ್ಕಕ್ಕೆ ತಿರುಗುತ್ತಿತ್ತು. ಆಗ ಮೇಲಿನ ಪಟ್ಟಿಯನ್ನು ತಿರುಚಿ ಸೂಜಿಯನ್ನು ಮೊದಲಿದ್ದ ಜಾಗಕ್ಕೇ ತರುತ್ತಿದ್ದ. ಎಷ್ಟು ತಿರುಚಬೇಕಾಯಿತೋ ಅದೇ ಪ್ರವಾಹದ ಅಳತೆ. ಬೇರೆ ಬೇರೆ ಉದ್ದದ ತಂತಿಗಳನ್ನು ಒಂದೊಂದಾಗಿ ಜೋಡಿಸಿ ಅಳತೆ ಬರೆದುಕೊಂಡ. ತಂತಿ ಉದ್ದವಾದಷ್ಟೂ ಪ್ರವಾಹ ಕಡಿಮೆಯಾಗುತ್ತಿತ್ತು. ಎಷ್ಟು ಕಡಿಮೆಯಾಗುತ್ತದೆ ಎಂಬುದಕ್ಕೆ ಒಂದು ಸೂತ್ರ ಮಾಡಿ 1825ರಲ್ಲಿ ಪ್ರಕಟಿಸಿಯೂ ಬಿಟ್ಟ.

ಆದರೆ ಆ ಸೂತ್ರ ತಪ್ಪಾಗಿತ್ತು!

ತಪ್ಪು ಎಲ್ಲಿತ್ತು?

ತಪ್ಪಿಗೆ ಕಾರಣ ಅಂದಿನ ಬ್ಯಾಟರಿ. ಲೋಹದ ತಟ್ಟೆಗಳನ್ನು ಆಮ್ಲದಲ್ಲಿ ಮುಳುಗಿಸಿ ಮಾಡುತ್ತಿದ್ದ ಆ ಬ್ಯಾಟರಿಯಿಂದ ಪ್ರವಾಹ ಹರಿಯತೊಡಗಿದರೆ ತಟ್ಟೆಯ ಮೇಲೆ ಅನಿಲದ ಗುಳ್ಳೆಗಳು ಕೂರುತ್ತಿದ್ದವು. ಬ್ಯಾಟರಿಯ ಶಕ್ತಿ ನೋಡನೋಡುತ್ತಲೇ ಕುಗ್ಗುತ್ತಿತ್ತು. ತಕ್ಕಡಿಯ ಬಟ್ಟು ಗಳಿಗೆಗೊಮ್ಮೆ ತೂಕ ಬದಲಿಸಿದರೆ ಅಂಗಡಿಯವರು ಬೆಲ್ಲ ತೂಗುವುದು ಹೇಗೆ? ಓಮ್‌ನ ಪಾಡೂ ಹಾಗೇ ಆಗಿತ್ತು. ಪ್ರವಾಹ ಇಳಿದದ್ದು ತಂತಿಯಿಂದಲೋ ಬ್ಯಾಟರಿಯಿಂದಲೋ ತಿಳಿಯುವಂತಿರಲಿಲ್ಲ.

ಅವನ ಲೇಖನವನ್ನು ಪ್ರಕಟಿಸಿದ ವಿಜ್ಞಾನ ಪತ್ರಿಕೆಯ ಸಂಪಾದಕ ಪೊಗೆನ್‌ಡಾರ್ಫ್ ಒಂದು ಸಲಹೆ ಕೊಟ್ಟ. 1821ರಲ್ಲಿ ಸೀಬೆಕ್ ಎಂಬವನು ಒಂದು ವಿಚಿತ್ರ ಸಂಗತಿಯನ್ನು ಕಂಡಿದ್ದ. ಎರಡು ಬೇರೆ ಬೇರೆ ಲೋಹಗಳನ್ನು ಎರಡು ಕಡೆ ಬೆಸೆದು, ಒಂದು ಬೆಸುಗೆಯನ್ನು ಬಿಸಿಯಾಗಿಯೂ ಇನ್ನೊಂದನ್ನು ತಣ್ಣಗೂ ಇಟ್ಟರೆ ವಿದ್ಯುತ್ ಹರಿಯುತ್ತದೆ. ಇದಕ್ಕೆ ಉಷ್ಣಯುಗ್ಮ ಎಂದು ಹೆಸರು. ಇದರಿಂದ ಸಿಗುವ ವಿದ್ಯುತ್ತು ಬಲು ಕಡಿಮೆ. ಆದರೆ ಬಿಸಿ ಮತ್ತು ತಂಪು ಬದಲಾಗದಿದ್ದರೆ ಅದೂ ಬದಲಾಗುವುದಿಲ್ಲ. ಓಮ್‌ಗೆ ಬೇಕಾಗಿದ್ದದ್ದು ಅಂಥ ನಂಬಿಕಸ್ಥ ಆಕರವೇ.

ಓಮ್ ತಪ್ಪನ್ನು ಮುಚ್ಚಿಡಲಿಲ್ಲ. ಮೊದಲಿನಿಂದ ಎಲ್ಲವನ್ನೂ ಮತ್ತೆ ಅಳೆಯಲು ಕುಳಿತ. ಬಿಸ್ಮತ್ ಎಂಬ ಲೋಹದ ತುಂಡಿನ ಎರಡು ತುದಿಗಳಿಗೆ ತಾಮ್ರವನ್ನು ಸೇರಿಸಿದ. ಒಂದು ತುದಿಯನ್ನು ಕುದಿಯುವ ನೀರಿನ ಬಿಸಿಯಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇಟ್ಟ. ನೀರು ಕುದಿಯುತ್ತಿರುವ ತನಕ ಅದರ ಬಿಸಿ ಒಂದೇ ಸಮ. ಮಂಜುಗಡ್ಡೆ ಕರಗುತ್ತಿರುವ ತನಕ ಅದರ ತಂಪೂ ಒಂದೇ ಸಮ.

ಒಂದು ಗುಣಾಕಾರದ ಅದ್ಭುತ

1826ರ ಜನವರಿ ತಿಂಗಳು. ಓಮ್ ಒಂದೇ ದಪ್ಪದ ಎಂಟು ತಾಮ್ರದ ತಂತಿಗಳನ್ನು ತೆಗೆದುಕೊಂಡ. ಅವುಗಳ ಉದ್ದ 2, 4, 6, 10, 18, 34, 66 ಮತ್ತು 130 ಅಂಗುಲ. ಒಂದೊಂದನ್ನೂ ಜೋಡಿಸಿ ಸೂಜಿಯ ಅಳತೆಯನ್ನು ಬರೆದುಕೊಂಡ. ಅವುಗಳಲ್ಲಿ ನಾಲ್ಕು ಇಲ್ಲಿವೆ:

ಉದ್ದ 2 ಅಂಗುಲ - ಅಳತೆ 326.75
ಉದ್ದ 6 ಅಂಗುಲ - ಅಳತೆ 277.75
ಉದ್ದ 18 ಅಂಗುಲ - ಅಳತೆ 190.75
ಉದ್ದ 130 ಅಂಗುಲ - ಅಳತೆ 48.5

ಈ ಅಂಕಿಗಳನ್ನು ನೋಡಿದರೆ ತಲೆಬುಡ ತಿಳಿಯುವುದಿಲ್ಲ. ತಂತಿ 2 ಅಂಗುಲದಿಂದ 18 ಅಂಗುಲಕ್ಕೆ ಒಂಬತ್ತು ಪಟ್ಟಾಯಿತು. ಆದರೆ ಪ್ರವಾಹ ಒಂಬತ್ತನೆಯ ಒಂದು ಭಾಗಕ್ಕೆ ಇಳಿಯಲಿಲ್ಲ. ಏಕೆ? ಇಲ್ಲಿಯೇ ಓಮ್‌ನ ಜಾಣತನ ಇರುವುದು. ವಿದ್ಯುತ್ತು ಹರಿಯುವುದು ತಾನು ಜೋಡಿಸಿದ ತಂತಿಯಲ್ಲಿ ಮಾತ್ರವಲ್ಲ, ಬಿಸ್ಮತ್ ತುಂಡಿನಲ್ಲಿಯೂ ಉಳಿದ ಜೋಡಣೆಗಳಲ್ಲಿಯೂ ಹರಿಯಬೇಕು. ಅವೂ ಪ್ರವಾಹವನ್ನು ತಡೆಯುತ್ತವೆ. ಆ ತಡೆ ಅದೇ ತಂತಿಯ 20.25 ಅಂಗುಲದ ತಡೆಗೆ ಸಮ ಎಂದು ಅವನು ಲೆಕ್ಕ ಹಾಕಿದ.

ಈಗ ನೀವೂ ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿಯೊಂದು ಉದ್ದಕ್ಕೂ 20.25 ಕೂಡಿಸಿ. ಬಂದದ್ದನ್ನು ಅದರ ಅಳತೆಯಿಂದ ಗುಣಿಸಿ.

22.25 × 326.75 = ಸುಮಾರು 7270
26.25 × 277.75 = ಸುಮಾರು 7291
38.25 × 190.75 = ಸುಮಾರು 7296
150.25 × 48.5 = ಸುಮಾರು 7287

ನೋಡಿದಿರಾ! ತಂತಿ ಗಿಡ್ಡವಿರಲಿ, ಉದ್ದವಿರಲಿ, ಗುಣಲಬ್ಧ ಹೆಚ್ಚುಕಡಿಮೆ ಒಂದೇ. ಇಲ್ಲಿ ಮೊದಲನೆಯ ಅಂಕಿ ವಿದ್ಯುತ್ತಿನ ದಾರಿಯಲ್ಲಿರುವ ಒಟ್ಟು ತಡೆ. ಇದನ್ನೇ ರೋಧ ಎನ್ನುತ್ತೇವೆ. ಎರಡನೆಯದು ಪ್ರವಾಹ. ಗುಣಲಬ್ಧವು ವಿದ್ಯುತ್ತನ್ನು ತಳ್ಳುವ ಒತ್ತಡ. ಅದನ್ನು ಈಗ ವೋಲ್ಟೇಜ್ ಅಥವಾ ವಿಭವಾಂತರ ಎನ್ನುತ್ತೇವೆ. ಬಿಸಿ ಮತ್ತು ತಂಪು ಬದಲಾಗಲಿಲ್ಲವಾದ್ದರಿಂದ ಒತ್ತಡವೂ ಬದಲಾಗಲಿಲ್ಲ. ಓಮ್‌ನ ನಿಯಮ ಇಷ್ಟೇ:

ವೋಲ್ಟೇಜ್ = ಪ್ರವಾಹ × ರೋಧ

ನೀರಿನ ಟ್ಯಾಂಕನ್ನು ನೆನಪಿಸಿಕೊಂಡರೆ ಇದು ಚೆನ್ನಾಗಿ ತಿಳಿಯುತ್ತದೆ. ಟ್ಯಾಂಕ್ ಎತ್ತರದಲ್ಲಿದ್ದಷ್ಟೂ ನಲ್ಲಿಯಲ್ಲಿ ನೀರು ರಭಸದಿಂದ ಬರುತ್ತದೆ. ಎತ್ತರವೇ ವೋಲ್ಟೇಜ್ ಎಂದುಕೊಳ್ಳಿ, ಹರಿಯುವ ನೀರೇ ಪ್ರವಾಹ. ಪೈಪು ಸಣ್ಣದಾಗಿ ಉದ್ದವಾಗಿದ್ದರೆ ನೀರು ಕಡಿಮೆ ಬರುತ್ತದೆ. ಅದೇ ರೋಧ. ತಂತಿಯೂ ಹಾಗೆಯೇ. ಉದ್ದ ಎರಡು ಪಟ್ಟಾದರೆ ರೋಧವೂ ಎರಡು ಪಟ್ಟು. ಅಡ್ಡಕೊಯ್ತದ ವಿಸ್ತೀರ್ಣ ಎರಡು ಪಟ್ಟಾದರೆ ರೋಧ ಅರ್ಧ.

ಕೆಲಸ ಬಿಟ್ಟು ಬರೆದ ಪುಸ್ತಕ

ಕಂಡುಹಿಡಿದದ್ದನ್ನು ಗಣಿತದ ಮೂಲಕ ವಿವರಿಸಿ ಪುಸ್ತಕ ಬರೆಯಬೇಕು, ಅದರಿಂದ ವಿಶ್ವವಿದ್ಯಾಲಯದಲ್ಲಿ ಕೆಲಸ ಪಡೆಯಬೇಕು ಎಂಬುದು ಓಮ್‌ನ ಆಸೆ. ಅರ್ಧ ಸಂಬಳದ ರಜೆ ಹಾಕಿ 1826ರಲ್ಲಿ ತಮ್ಮ ಮಾರ್ಟಿನ್ ಇದ್ದ ಬರ್ಲಿನ್ ನಗರಕ್ಕೆ ಹೋದ. 1827ರಲ್ಲಿ ಪುಸ್ತಕ ಹೊರಬಂತು.

ಆದರೆ ಮೆಚ್ಚಿದವರು ಕೆಲವರೇ. ಗಣಿತ ತುಂಬಿದ್ದ ಆ ಪುಸ್ತಕ ಅನೇಕರಿಗೆ ಅರ್ಥವಾಗಲಿಲ್ಲ. ಪ್ರಕೃತಿಯ ಗುಟ್ಟುಗಳನ್ನು ಇಷ್ಟೊಂದು ಗಣಿತದಲ್ಲಿ ಕಟ್ಟಿಹಾಕುವುದು ಕೆಲವರಿಗೆ ಇಷ್ಟವಾಗಲಿಲ್ಲ. ಪೋಲ್ ಎಂಬ ವಿದ್ವಾಂಸ ಪುಸ್ತಕವನ್ನು ಕಟುವಾಗಿ ಟೀಕಿಸಿದ. ನಿರೀಕ್ಷಿಸಿದ್ದ ಕೆಲಸ ಸಿಗಲಿಲ್ಲ. ಮನಸ್ಸು ನೊಂದ ಓಮ್ 1828ರಲ್ಲಿ ಕಲೋನ್ ಶಾಲೆಯ ಕೆಲಸಕ್ಕೂ ರಾಜೀನಾಮೆ ಕೊಟ್ಟ. ಮುಂದಿನ ಐದು ವರ್ಷ ಬರ್ಲಿನಿನಲ್ಲಿ ವಾರಕ್ಕೆ ಕೆಲವೇ ತಾಸು ಗಣಿತ ಪಾಠ ಹೇಳಿ ದಿನ ದೂಡಿದ. 1833ರಲ್ಲಿ ನ್ಯೂರೆಂಬರ್ಗ್ ನಗರದ ತಾಂತ್ರಿಕ ಶಾಲೆಯಲ್ಲಿ ಕೆಲಸ ಸಿಕ್ಕ ಮೇಲೆ ಸ್ವಲ್ಪ ನೆಮ್ಮದಿ ಬಂತು.

ಜನ ಒಪ್ಪಲಿಲ್ಲ ಎಂದು ನಿಯಮ ಸುಳ್ಳಾಗುವುದಿಲ್ಲವಲ್ಲ. ಲೈಪ್ಜಿಗ್ ನಗರದ ಫೆಕ್ನರ್ ಪ್ರಯೋಗ ಮಾಡಿ ನೋಡಿದ, ನಿಯಮ ಸರಿಯಾಗಿತ್ತು. ರಷ್ಯದಲ್ಲಿ ಲೆಂಜ್ ಅದನ್ನು ಬಳಸಿದ. ಫ್ರಾನ್ಸಿನ ಪೂಯೆ ಮಾಡಿದ ಪ್ರಯೋಗಗಳೂ ಅದೇ ನಿಯಮಕ್ಕೆ ಬಂದು ನಿಂತವು. ಕೊನೆಗೆ 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ತನ್ನ ಹಿರಿಯ ಗೌರವವಾದ ಕಾಪ್ಲೆ ಪದಕವನ್ನು ಓಮ್‌ಗೆ ಕೊಟ್ಟಿತು. ಮರುವರ್ಷ ತನ್ನ ವಿದೇಶಿ ಸದಸ್ಯನನ್ನಾಗಿ ಮಾಡಿಕೊಂಡಿತು. 1849ರಲ್ಲಿ ಅವನು ಮ್ಯೂನಿಕ್ ನಗರಕ್ಕೆ ಹೋದ. ಯೌವನದಿಂದ ಬಯಸಿದ್ದ ವಿಶ್ವವಿದ್ಯಾಲಯದ ಭೌತವಿಜ್ಞಾನ ಪೀಠ 1852ರಲ್ಲಿ ಅವನದಾಯಿತು. ಆಗ ಅವನ ವಯಸ್ಸು 63. ಎರಡೇ ವರ್ಷಗಳ ನಂತರ, 1854ರ ಜುಲೈ 6ರಂದು, ಓಮ್ ತೀರಿಕೊಂಡ. ಅವನು ಮದುವೆಯಾಗಿರಲಿಲ್ಲ.

ಇನ್ನೊಂದು ಸ್ವಾರಸ್ಯದ ಸಂಗತಿ ಇದೆ. ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಎಂಬ ವಿಜ್ಞಾನಿ ಓಮ್‌ಗಿಂತ 45 ವರ್ಷ ಮೊದಲೇ, 1781ರಲ್ಲಿ, ಈ ನಿಯಮದ ಸುಳಿವು ಕಂಡಿದ್ದ. ಅವನ ಬಳಿ ಅಳೆಯುವ ಸಾಧನ ಇರಲಿಲ್ಲ. ತನ್ನ ಮೈಗೇ ಶಾಕ್ ಹೊಡೆಸಿಕೊಂಡು, ಅದು ಎಷ್ಟು ಜೋರು ಎಂದು ಅಂದಾಜು ಮಾಡುತ್ತಿದ್ದ! ಆದರೆ ಅದನ್ನು ಅವನು ಪ್ರಕಟಿಸಲೇ ಇಲ್ಲ. ಅವನ ಟಿಪ್ಪಣಿಗಳನ್ನು ಮ್ಯಾಕ್ಸ್‌ವೆಲ್ 1879ರಲ್ಲಿ ಪ್ರಕಟಿಸಿದಾಗಲೇ ಲೋಕಕ್ಕೆ ತಿಳಿದದ್ದು. ಕಂಡದ್ದನ್ನು ಹತ್ತು ಜನರ ಮುಂದಿಟ್ಟು ಪರೀಕ್ಷೆಗೆ ಒಡ್ಡಿದವನು ಓಮ್. ಆದ್ದರಿಂದ ನಿಯಮಕ್ಕೆ ಅವನ ಹೆಸರೇ ಉಳಿಯಿತು.

1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ರೋಧದ ಮಾನಕ್ಕೆ ಓಮ್ ಎಂಬ ಹೆಸರನ್ನು ಒಪ್ಪಿಕೊಂಡಿತು. ಒಮೇಗಾ ಎಂಬ ಗ್ರೀಕ್ ಅಕ್ಷರ ಅದರ ಚಿಹ್ನೆ.

ಲೆಕ್ಕ ಮಾಡೋಣ ಬನ್ನಿ

ಟಾರ್ಚಿನಲ್ಲಿ 1.5 ವೋಲ್ಟಿನ ಎರಡು ಶೆಲ್ ಹಾಕಿದ್ದೀರಿ. ಒಟ್ಟು 3 ವೋಲ್ಟ್. ಬಲ್ಬಿನಲ್ಲಿ 0.3 ಆಂಪೇರ್ ಪ್ರವಾಹ ಹರಿಯುತ್ತಿದೆ. ಬಲ್ಬಿನ ರೋಧ ಎಷ್ಟು?

ರೋಧ = ವೋಲ್ಟೇಜ್ ÷ ಪ್ರವಾಹ = 3 ÷ 0.3 = 10 ಓಮ್.

ಆ ಬಲ್ಬು ಎಷ್ಟು ವ್ಯಾಟ್? ಪ್ರತಿ ಸೆಕೆಂಡಿಗೆ ಎಷ್ಟು ವಿದ್ಯುತ್ ಶಕ್ತಿ ಖರ್ಚಾಗುತ್ತದೆ ಎಂಬುದನ್ನು ಸಾಮರ್ಥ್ಯ ಎನ್ನುತ್ತಾರೆ. ಅದರ ಮಾನವೇ ವ್ಯಾಟ್. ಅದಕ್ಕೂ ಸುಲಭ ಸೂತ್ರವಿದೆ.

ಸಾಮರ್ಥ್ಯ = ವೋಲ್ಟೇಜ್ × ಪ್ರವಾಹ = 3 × 0.3 = 0.9 ವ್ಯಾಟ್.

ಈಗ ಇಸ್ತ್ರಿ ಪೆಟ್ಟಿಗೆಗೆ ಬರೋಣ. 230 ವೋಲ್ಟ್, 4 ಆಂಪೇರ್ ಎಂದುಕೊಳ್ಳಿ. ರೋಧ 230 ÷ 4 = 57.5 ಓಮ್. ಸಾಮರ್ಥ್ಯ 230 × 4 = 920 ವ್ಯಾಟ್. 1000 ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. ಹಾಗಾಗಿ ಈ ಇಸ್ತ್ರಿ ಪೆಟ್ಟಿಗೆ ಬಿಡುವಿಲ್ಲದೆ ಒಂದು ಗಂಟೆ ಉರಿದರೆ 0.92 ಯೂನಿಟ್ ಖರ್ಚು. ಮನೆಗೆ ಬರುವ ಕರೆಂಟ್ ಬಿಲ್ಲಿನ ಲೆಕ್ಕ ನಿಮಗೆ ಈಗ ತಿಳಿಯಿತಲ್ಲ!

ಒಂದು ಮಾತು ನೆನಪಿಡಿ. ಲೋಹದ ತಂತಿ ಬಿಸಿಯಾದರೆ ಅದರ ರೋಧ ಹೆಚ್ಚುತ್ತದೆ. ಉರಿಯುವ ಹಳೆಯ ಮಾದರಿಯ ಬಲ್ಬಿನ ಎಳೆಗೆ ತಣ್ಣಗಿರುವ ಎಳೆಗಿಂತ ಹೆಚ್ಚು ರೋಧ ಇರುತ್ತದೆ. ಆದ್ದರಿಂದ ಓಮ್‌ನ ನಿಯಮವನ್ನು ಹೇಳುವಾಗ ಉಷ್ಣತೆ ಬದಲಾಗಬಾರದು ಎಂದೂ ಸೇರಿಸುತ್ತಾರೆ. ಈಗಿನ ಎಲ್‌ಇಡಿ ದೀಪಗಳಂತೂ ಈ ನಿಯಮವನ್ನು ಪಾಲಿಸುವುದಿಲ್ಲ. ಅವುಗಳಲ್ಲಿ ವೋಲ್ಟೇಜ್ ಎರಡು ಪಟ್ಟಾದರೆ ಪ್ರವಾಹವೂ ಎರಡು ಪಟ್ಟಾಗುತ್ತದೆ ಎನ್ನುವಂತಿಲ್ಲ.

ಮಾಡಿ ನೋಡಿ

ಮೂರು ಶೆಲ್, ಟಾರ್ಚಿನ ಹಳೆಯ ಮಾದರಿಯ ಒಂದು ಚಿಕ್ಕ ಬಲ್ಬು, ವೈರಿನ ತುಂಡುಗಳು ಮತ್ತು ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಶಿಕ್ಷಕರ ಸಹಾಯದಿಂದ ಪೆನ್ಸಿಲನ್ನು ಉದ್ದಕ್ಕೆ ಸೀಳಿ ಒಳಗಿನ ಕಪ್ಪು ಕಡ್ಡಿ ಕಾಣುವಂತೆ ಮಾಡಿ. ಶೆಲ್, ಬಲ್ಬು ಮತ್ತು ಕಡ್ಡಿಯನ್ನು ಒಂದೇ ಸಾಲಿನಲ್ಲಿ ವೈರುಗಳಿಂದ ಜೋಡಿಸಿ. ಮೊದಲು ವೈರುಗಳನ್ನು ಕಡ್ಡಿಯ ಎರಡು ತುದಿಗಳಿಗೆ ಮುಟ್ಟಿಸಿ. ನಂತರ ಒಂದು ವೈರನ್ನು ನಿಧಾನವಾಗಿ ಇನ್ನೊಂದರ ಹತ್ತಿರಕ್ಕೆ ಸರಿಸಿ. ಬಲ್ಬಿನ ಬೆಳಕು ಏನಾಯಿತು? ಏಕೆ?

ಎಚ್ಚರಿಕೆ: ಪ್ರಯೋಗಕ್ಕೆ ಶೆಲ್ ಮಾತ್ರ ಬಳಸಿ. ಗೋಡೆಯ ಪ್ಲಗ್ಗಿನಲ್ಲಿ ಬರುವ 230 ವೋಲ್ಟ್ ಪ್ರಾಣ ತೆಗೆಯಬಲ್ಲದು. ಅದನ್ನು ಎಂದಿಗೂ ಮುಟ್ಟಬೇಡಿ.

ನೀವೇ ಉತ್ತರಿಸಿ

1. ಸ್ಕೂಟರಿನ ದೀಪಕ್ಕೆ 12 ವೋಲ್ಟ್ ಕೊಟ್ಟಾಗ 3 ಆಂಪೇರ್ ಹರಿಯಿತು. ರೋಧ ಎಷ್ಟು? ಸಾಮರ್ಥ್ಯ ಎಷ್ಟು?
2. ನೀರು ಕಾಯಿಸುವ ಕಾಯಿಲ್ 230 ವೋಲ್ಟಿನಲ್ಲಿ 5 ಆಂಪೇರ್ ಎಳೆದುಕೊಳ್ಳುತ್ತದೆ. ರೋಧ ಎಷ್ಟು? ಒಂದು ಗಂಟೆಯಲ್ಲಿ ಎಷ್ಟು ಯೂನಿಟ್ ಖರ್ಚು?
3. 20 ಓಮ್ ರೋಧದ ತಂತಿಗೆ 6 ವೋಲ್ಟ್ ಕೊಟ್ಟರೆ ಎಷ್ಟು ಪ್ರವಾಹ ಹರಿಯುತ್ತದೆ?

ನಿಮ್ಮ ಉತ್ತರ ತಪ್ಪಾದರೆ ಬೇಸರ ಬೇಡ. ಎಲ್ಲಿ ತಪ್ಪಿತು ಎಂದು ಹುಡುಕಿ, ಮತ್ತೆ ಮಾಡಿ. ಓಮ್ ಮೇಷ್ಟ್ರು ಮಾಡಿದ್ದೂ ಅದನ್ನೇ.

(ಉತ್ತರಗಳು: 1. 4 ಓಮ್, 36 ವ್ಯಾಟ್. 2. 46 ಓಮ್, 1.15 ಯೂನಿಟ್. 3. 0.3 ಆಂಪೇರ್.)